ಹೊಂಗೆ ನಮ್ಮದು, ಬೆಲೆ ಯಾರದ್ದು?



ಬದುವಿನ ಹೊಂಗೆ ಬೀಜವನ್ನು ದಲ್ಲಾಳಿ ಹೇಳಿದ ಬೆಲೆಗೆ ಅಳೆದುಕೊಟ್ಟು, ಅದೇ ದುಡ್ಡು ಹಿಡಿದು ಬಂಕಿನಲ್ಲಿ ಕೇಳಿದ ಬೆಲೆಗೆ ಡೀಸೆಲ್ ಹಾಕಿಸುತ್ತೀರಿ. ಎರಡು ಕಡೆಯೂ ಬೆಲೆ ಕಟ್ಟುವವರು ನೀವಲ್ಲ. ಇದು ಯಾವ ನ್ಯಾಯ?

1900ರ ಪ್ಯಾರಿಸ್ ಪ್ರದರ್ಶನದಲ್ಲೇ ಡೀಸೆಲ್ ಎಂಜಿನ್ ಕಡಲೆಕಾಯಿ ಎಣ್ಣೆಯಲ್ಲಿ ಓಡಿತ್ತು. ನಿಮ್ಮ ಹಳೇ ಡೀಸೆಲ್ ಅಂಬಾಸಿಡರ್ ಕಾರು ಹೊಂಗೆಯಲ್ಲಿ ಓಡುತ್ತೆ. ಆದರೆ ಗಾಣದ ಎಣ್ಣೆ ಹಾಗೇ ಸುರಿಯಬೇಡಿ; ಮಂದ ಎಣ್ಣೆಗೆ ನಾಝಲ್ ಕಟ್ಟಿಕೊಳ್ಳುತ್ತೆ. ಮೆಥನಾಲ್, ಕಾಸ್ಟಿಕ್ ಸೋಡಾ ಸೇರಿಸಿ ಕಾಯಿಸಿದರೆ ಗ್ಲಿಸರಿನ್ ತಳಕ್ಕಿಳಿದು ತೆಳು ಬಯೋಡೀಸೆಲ್ ಮೇಲೆ ನಿಲ್ಲುತ್ತೆ. ಹಳೇ ಬೀಜದ ಎಣ್ಣೆಯಲ್ಲಿ ಆಮ್ಲ ಜಾಸ್ತಿ, ಅದನ್ನು ಮೊದಲು ಇಳಿಸದಿದ್ದರೆ ಕೈಗೆ ಬರೋದು ಸೋಪು. ಮೆಥನಾಲ್ ವಿಷ, ಬೇಗ ಬೆಂಕಿ ಹತ್ತುತ್ತೆ. ಅಡುಗೆಮನೆಯಲ್ಲಿ ಮಾಡೋ ಕೆಲಸ ಅಲ್ಲ. ಹಾಸನದ ಮಡೆನೂರಿನಲ್ಲಿ ಕೃಷಿ ವಿಶ್ವವಿದ್ಯಾಲಯದವರು ಮಾಡಿ ತೋರಿಸಿದ್ದಾರೆ. ಕಾರಿನ ರಬ್ಬರ್ ಪೈಪು ಬದಲಿಸಿ. ಟ್ಯಾಂಕಿನ ಹಳೇ ಕೊಳೆ ಕಿತ್ತು ಬರುತ್ತೆ, ಇನ್ನೊಂದು ಫಿಲ್ಟರ್ ಜೊತೆಗಿರಲಿ.

ಈಗ ಲೆಕ್ಕ. ಒಂದು ಲೀಟರ್ ಎಣ್ಣೆಗೆ ಸುಮಾರು 4 ಕೆ.ಜಿ. ಬೀಜ ಬೇಕು. ಆ ಬೀಜದ ಪೇಟೆ ಬೆಲೆ, ಗಾಣದ ಖರ್ಚು, ಮೆಥನಾಲ್, ಮನೆಯವರ ಕೂಲಿ (ಇದನ್ನು ನಾವು ಯಾವಾಗಲೂ ಮರೆಯುತ್ತೇವೆ) ಕೂಡಿಸಿ, ಹಿಂಡಿ ಬೆಲೆ ಕಳೆಯಿರಿ. ಡೀಸೆಲ್‌ಗಿಂತ ಜಾಸ್ತಿ ಬಂತೋ, ಬೀಜವನ್ನೇ ಮಾರಿ. ದಲ್ಲಾಳಿ ಬೆಲೆ ಬೀಳಿಸಿದ ವರ್ಷ ಗಾಣಕ್ಕೆ ಹಾಕಿ. ಮಾರದೆ ಇರಬಲ್ಲವನ ಹತ್ತಿರ ಅವನ ಮಾತೇ ಬೇರೆ.

2003ರಲ್ಲಿ ಯೋಜನಾ ಆಯೋಗ ಜತ್ರೋಫಾ ಬೆಳೆಸುವ ದೊಡ್ಡ ಯೋಜನೆ ಹಾಕಿತು. ಹೇಳಿದಷ್ಟು ಇಳುವರಿ ಬರಲೇ ಇಲ್ಲ. ಆದ್ದರಿಂದ ಹೊಂಗೆ ಬದುವಿನಲ್ಲೇ ಇರಲಿ. ಇದಕ್ಕಾಗಿ ರಾಗಿ ಹೊಲ ಬಿಡಬೇಡಿ, ಸಾಲ ಮಾಡಿ ಯಂತ್ರ ತರಬೇಡಿ.