ಬೆಕ್ಕಿನ ಕಣ್ಣಿಗೆ ಬ್ಲೂಮ್

ಜೇಮ್ಸ್ ಜಾಯ್ಸ್‌ನ ‘ಯುಲಿಸಿಸ್’ ಎಂದರೆ ವಿದ್ವಾಂಸರಿಗಷ್ಟೇ ದಕ್ಕುವ ಕಾದಂಬರಿ ಎಂಬ ಅಳುಕು ಹಲವರಲ್ಲಿದೆ. 1922ರಲ್ಲಿ ಪ್ಯಾರಿಸ್‌ನಲ್ಲಿ ಪ್ರಕಟವಾದ ಈ ಕೃತಿಯ ಬರವಣಿಗೆ ಕಷ್ಟದ್ದು, ನಿಜ. ಆದರೆ ಅದರ ನಾಯಕ ಲಿಯೋಪಾಲ್ಡ್ ಬ್ಲೂಮ್ ತೀರಾ ಸಾಮಾನ್ಯ ಮನುಷ್ಯ. 38 ವರ್ಷ ವಯಸ್ಸು. ಪತ್ರಿಕೆಗೆ ಜಾಹೀರಾತು ತರುವ ಕೆಲಸ. 1904ರ ಜೂನ್ 16ರಂದು ಅವನು ಡಬ್ಲಿನ್ ನಗರದಲ್ಲಿ ಸುತ್ತಾಡಿದ್ದೇ ಕಥೆ.

ನಾವು ಅವನನ್ನು ಮೊದಲು ಕಾಣುವುದು ಅಡುಗೆಮನೆಯಲ್ಲಿ. ಹೆಂಡತಿ ಮೋಲಿಗೆ ತಿಂಡಿ ಅಣಿಮಾಡುತ್ತಿರುವಾಗ ಬೆಕ್ಕು ಸುತ್ತ ಸುಳಿಯುತ್ತದೆ. ಇದರ ಕಣ್ಣಿಗೆ ನಾನು ಹೇಗೆ ಕಾಣುತ್ತಿರಬಹುದು, ಎಷ್ಟು ಎತ್ತರ ಎಂದು ಅವನಿಗೆ ಯೋಚನೆ. ಆಮೇಲೆ ತಟ್ಟೆಗೆ ಹಾಲು ಸುರಿಯುತ್ತಾನೆ. ಎದುರಿನ ಜೀವದ ಕಡೆಯಿಂದ ನೋಡುವ ಈ ಅಭ್ಯಾಸ ದಿನವಿಡೀ ಅವನನ್ನು ಬಿಡುವುದಿಲ್ಲ. ಅಂಧ ಯುವಕನೊಬ್ಬನಿಗೆ ರಸ್ತೆ ದಾಟಿಸುವಾಗ, ದೊಡ್ಡಸ್ತಿಕೆಯ ಮಾತಾಡಿ ಅವನನ್ನು ಕುಗ್ಗಿಸಬಾರದೆಂದು ಎಚ್ಚರ ವಹಿಸುತ್ತಾನೆ. ಅಷ್ಟಕ್ಕೇ ನಿಲ್ಲದೆ, ಕಣ್ಣಿಲ್ಲದವರಿಗೆ ಸ್ಪರ್ಶ ಏನು ಹೇಳಬಹುದೆಂದು ತಿಳಿಯಲು ತನ್ನದೇ ಕೂದಲು, ಕೆನ್ನೆ ಸವರಿ ನೋಡಿಕೊಳ್ಳುತ್ತಾನೆ. ಪರಿಚಯದ ಹೆಂಗಸೊಬ್ಬಳು ಮೂರು ದಿನಗಳಿಂದ ಹೆರಿಗೆ ನೋವು ತಿನ್ನುತ್ತಿದ್ದಾಳೆಂದು ಕೇಳಿ ರಾತ್ರಿ ಆಸ್ಪತ್ರೆಗೆ ಹೋಗಿ ವಿಚಾರಿಸುತ್ತಾನೆ.

ಹಾಗೆಂದು ಅವನಿಗೆ ಬೇರೆ ಚಿಂತೆಯಿಲ್ಲವೆಂದಲ್ಲ. ತಂದೆ ಆತ್ಮಹತ್ಯೆ ಮಾಡಿಕೊಂಡಿದ್ದಾನೆ. ಮಗ ರೂಡಿ ಹುಟ್ಟಿದ 11 ದಿನಕ್ಕೇ ತೀರಿಕೊಂಡಿದ್ದಾನೆ. ಅಂದು ಮಧ್ಯಾಹ್ನ ಮೋಲಿಯ ಪ್ರಿಯಕರ ಮನೆಗೆ ಬರುವುದೂ ಗೊತ್ತು. ಸಂಜೆ ಪಬ್ಬಿನಲ್ಲಿ ಒಬ್ಬ ಅವನ ಯಹೂದಿ ಮೂಲವನ್ನು ಎತ್ತಿ ಹಂಗಿಸುತ್ತಾನೆ. ದ್ವೇಷ ಕಟ್ಟಿಕೊಂಡು ಬದುಕಲಾಗದು ಎಂದು ಬ್ಲೂಮ್ ಅಲ್ಲೇ, ತಡವರಿಸುತ್ತಲೇ, ವಾದಿಸುತ್ತಾನೆ. ಅವನು ಅಲ್ಲಿಗೆ ಹೋಗಿದ್ದಾದರೂ ಏಕೆ? ಆ ಬೆಳಿಗ್ಗೆ ತಾನು ಅಂತ್ಯಕ್ರಿಯೆಗೆ ಹೋಗಿಬಂದ ಡಿಗ್ನಮ್‌ನ ಹೆಂಡತಿಗೆ ವಿಮೆ ಹಣ ಸಿಗುವ ದಾರಿ ಹುಡುಕಲು.

ಬ್ಲೂಮ್ ಸಂತನೇನಲ್ಲ, ಗುಟ್ಟಾಗಿ ಇನ್ನೊಬ್ಬಳಿಗೆ ಕಾಗದ ಬರೆಯುತ್ತಾನೆ. ಅದಕ್ಕೇ ಅವನು ನನಗೆ ಹತ್ತಿರದವನು. ಮೊದಲು ಒಳ್ಳೆಯವರಾಗೋಣ, ಆಮೇಲೆ ಇನ್ನೊಬ್ಬರ ಕಷ್ಟ ಕೇಳೋಣ ಎಂದು ಅವನು ಕಾಯುವುದಿಲ್ಲ. ಮನಸ್ಸು ಮುರಿದ ದಿನವೂ ಅಕ್ಕಪಕ್ಕದವರತ್ತ ಗಮನ ಕೊಡಬಹುದು ಎಂಬುದಕ್ಕೆ ಇದಕ್ಕಿಂತ ನಂಬಲರ್ಹ ಚಿತ್ರವನ್ನು ನಾನು ಕಾದಂಬರಿಗಳಲ್ಲಿ ಕಂಡಿಲ್ಲ.

ಹೊಸದಾಗಿ ಓದುವವರು ನಾಲ್ಕನೆಯ ಅಧ್ಯಾಯದಿಂದ ಶುರುಮಾಡಿ. ಬ್ಲೂಮ್ ಬರುವುದೇ ಅಲ್ಲಿ. ಮೊದಲ ಮೂರು ಅಧ್ಯಾಯಗಳು ಯುವಕ ಸ್ಟೀಫನ್‌ನವು, ಅವನ್ನು ಆಮೇಲೆ ಓದಿದರೂ ನಡೆಯುತ್ತದೆ. ಅರ್ಥವಾಗದ ವಾಕ್ಯಗಳನ್ನು ಒಮ್ಮೆ ಜೋರಾಗಿ ಓದಿಕೊಳ್ಳಿ. ಆಗಲೂ ಅರ್ಥವಾಗದಿದ್ದರೆ ದಾಟಿಕೊಂಡು ಮುಂದೆ ಹೋಗಿ.