ಕಾಂಡವಲ್ಲ, ನೀರುಗಂಟಿ

ಶ್ರೀನಿವಾಸಪುರದ ಕಡೆಯ ರೇಷ್ಮೆ ಬೆಳೆಗಾರರೊಬ್ಬರು ಈಚೆಗೆ ಕೋಲಾರದಲ್ಲಿ ನಮ್ಮನ್ನು ಕಂಡರು. ಅವರ ಮಗ ನಮ್ಮ ವಿದ್ಯಾರ್ಥಿ. ಅವರಿಗೆ ಬಹುಕಾಲದಿಂದ ಮಂಡಿನೋವು. ಹೊಟ್ಟೆಯ ಕೊಬ್ಬನ್ನು ಸ್ವಲ್ಪ ತೆಗೆದು, ಅದರಲ್ಲಿನ ಕಾಂಡಕೋಶಗಳನ್ನು ಮಂಡಿಗೆ ಚುಚ್ಚಿದರೆ ಮೃದ್ವಸ್ಥಿಯು ಹೊಸದಾಗಿ ಬೆಳೆಯುವುದೆಂದು ಯಾರೋ ಹೇಳಿದ್ದರಂತೆ. “ಮೇಷ್ಟ್ರೇ, ಅರ್ಧ ಎಕರೆ ಮಾರಿದರೆ ಆ ಖರ್ಚಿಗಾಗುತ್ತೆ. ಮಾರಬಹುದಾ?” ಎಂದು ಕೇಳಿದರು. ನಾವು ವೈದ್ಯರಲ್ಲ, ಭೌತಶಾಸ್ತ್ರವನ್ನು ಬೋಧಿಸುವವರು. ಆದರೂ ಭೂಮಿಯನ್ನು ಮಾರುವ ಮಾತು ಬಂದಾಗ ಓದಿದವರು ಸುಮ್ಮನಿರುವುದು ಸಲ್ಲದು.

ಈ ಭ್ರಮೆಗೆ ಹೆಸರೇ ಮೊದಲ ಕಾರಣವೆಂದು ನಮ್ಮ ಅಭಿಪ್ರಾಯ. ಕಾಂಡವೆಂದೊಡನೆ ರೈತರಿಗೆ ನೆನಪಾಗುವುದು ಹಿಪ್ಪುನೇರಳೆಯ ಕಡ್ಡಿ. ಕಡ್ಡಿ ನೆಟ್ಟರೆ ಗಿಡ ಬರುವಂತೆ, ಕೋಶ ನೆಟ್ಟರೆ ಮೃದ್ವಸ್ಥಿ ಬರಬೇಕಷ್ಟೆ! ವಿಜ್ಞಾನಿಗಳೂ ಮೊದಲು ಹೀಗೆಯೇ ಎಣಿಸಿದ್ದರು. 1991ರಲ್ಲಿ ಅಮೆರಿಕದ ಆರ್ನಲ್ಡ್ ಕ್ಯಾಪ್ಲನ್ ಅವರು ಮೂಳೆಮಜ್ಜೆಯಲ್ಲಿನ ಇಂಥ ಕೋಶಗಳಿಗೆ ‘ಮೀಸೆಂಕೈಮಲ್ ಸ್ಟೆಮ್ ಸೆಲ್’ ಎಂಬ ಹೆಸರನ್ನು ಕೊಟ್ಟರು. 2001ರಲ್ಲಿ ಪೆಟ್ರೀಷಿಯಾ ಝುಕ್ ಮತ್ತು ಸಂಗಡಿಗರು ಕೊಬ್ಬಿನಲ್ಲಿಯೂ ಅಂಥವು ಇರುವುದನ್ನೂ, ಪ್ರಯೋಗಶಾಲೆಯ ಪಾತ್ರೆಯಲ್ಲಿ ಅವು ಮೂಳೆ, ಮೃದ್ವಸ್ಥಿಗಳ ಲಕ್ಷಣವನ್ನು ತಾಳುವುದನ್ನೂ ತೋರಿಸಿದರು. ಆದರೆ ದೇಹದೊಳಕ್ಕೆ ಚುಚ್ಚಿದ ಕೋಶಗಳಲ್ಲಿ ಬಹುಪಾಲು ಬೇಗನೆ ಅಳಿದುಹೋಗುವುದು ಕಂಡುಬಂದಿತು. ಕೋಶವು ಅಳಿದ ಮೇಲೂ ಪರಿಣಾಮವು ಉಳಿಯುವುದಾದರೆ, ಅದು ತಾನೇ ಅಂಗಾಂಶವಾಗಿ ಬೆಳೆದುದರ ಫಲವಾಗಿರಲಾರದು. ನೆರೆಯ ಕೋಶಗಳಿಗೆ ಕೊಟ್ಟ ಸಂಕೇತದ ಫಲವಾಗಿರಬೇಕು. 2017ರಲ್ಲಿ ಕ್ಯಾಪ್ಲನ್ ಅವರೇ ತಾವಿಟ್ಟ ಹೆಸರನ್ನು ಬದಲಾಯಿಸಬೇಕೆಂದು ಬರೆದರು.

ಹಾಗಾದರೆ ಈ ಕೋಶದ ಕೆಲಸವೇನು? ನಮ್ಮ ಕೆರೆಗಳ ನೀರುಗಂಟಿಯನ್ನು ನೆನೆಯೋಣ. ಅವನು ನೀರುಗಂಟಿಯಾಗಿ ಗದ್ದೆಯನ್ನು ಉಳುವುದಿಲ್ಲ. ಕೆರೆಯ ಮಟ್ಟವನ್ನು ನೋಡಿ ತೂಬನ್ನು ತೆರೆಯುತ್ತಾನೆ, ಮುಚ್ಚುತ್ತಾನೆ. ದೇಹದ ರಕ್ಷಣಾ ವ್ಯವಸ್ಥೆಯು ಕೆರಳಿದಾಗ ಟಿ ಕೋಶಗಳು ಇಂಟರ್‌ಫೆರಾನ್ ಗ್ಯಾಮಾ ಎಂಬ ವಸ್ತುವನ್ನು ಸ್ರವಿಸುತ್ತವೆ. ಅದನ್ನು ಗ್ರಹಿಸಿದ ಕೊಬ್ಬಿನ ಕೋಶವು ಒಂದು ಕಿಣ್ವವನ್ನು ತಯಾರಿಸಿ, ಟಿ ಕೋಶಗಳು ವೃದ್ಧಿಯಾಗಲು ಬೇಕಾದ ಟ್ರಿಪ್ಟೊಫಾನನ್ನು ಕರಗಿಸಿಬಿಡುತ್ತದೆ. ಅದು ಸ್ರವಿಸುವ ಪ್ರೊಸ್ಟಗ್ಲಾಂಡಿನ್‌ನಿಂದ ಭಕ್ಷಕಕೋಶಗಳು ದಾಳಿಯನ್ನು ಬಿಟ್ಟು ದುರಸ್ತಿಯ ಕಡೆಗೆ ತಿರುಗುತ್ತವೆ. ಉದ್ರೇಕವನ್ನು ಶಮನಗೊಳಿಸುವ ನಿಯಂತ್ರಕ ಟಿ ಕೋಶಗಳೂ ಹೆಚ್ಚುತ್ತವೆ. ಈ ನಿಯಂತ್ರಕ ಕೋಶಗಳ ಸಂಬಂಧದ ಶೋಧಕ್ಕೇ 2025ರ ವೈದ್ಯಕೀಯ ನೊಬೆಲ್ ಪಾರಿತೋಷಕವು ಸಂದಿತು.

ಕೆರೆಯಲ್ಲಿ ನೀರಿಲ್ಲದಿದ್ದರೆ ನೀರುಗಂಟಿಗೆ ಕೆಲಸವಿಲ್ಲ. ಹಾಗೆಯೇ ಉದ್ರೇಕದ ಸಂಕೇತವಿಲ್ಲದೆಡೆ ಈ ಕೋಶವು ಬಹುಮಟ್ಟಿಗೆ ಸುಮ್ಮನಿರುತ್ತದೆ. ಆದುದರಿಂದ ಒಬ್ಬ ರೋಗಿಯಲ್ಲಿ ಫಲಿಸಿದ್ದು ಮತ್ತೊಬ್ಬನಲ್ಲಿ ಫಲಿಸೀತೆಂಬ ಭರವಸೆಯಿಲ್ಲ. ರೋಗರೋಗಕ್ಕೂ ಬೇರೆಬೇರೆಯಾಗಿ ಪರೀಕ್ಷಿಸಲೇಬೇಕು.

ಪರೀಕ್ಷೆಯೂ ಒಮ್ಮೆ ನಡೆದರೆ ಸಾಲದು. ಕ್ರೋನ್ ರೋಗದಿಂದಾಗುವ ಭಗಂದರಕ್ಕೆ ದಾನಿಗಳ ಕೊಬ್ಬಿನ ಕೋಶಗಳಿಂದ ‘ಅಲೋಫಿಸೆಲ್’ ಎಂಬ ಔಷಧವನ್ನು ತಯಾರಿಸಿದ್ದರು. 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 212 ರೋಗಿಗಳಿದ್ದರು. ಔಷಧ ಪಡೆದವರಲ್ಲಿ ನೂರಕ್ಕೆ 50 ಮಂದಿಗೂ, ಹುಸಿ ಔಷಧ ಪಡೆದವರಲ್ಲಿ ನೂರಕ್ಕೆ 34 ಮಂದಿಗೂ ಗುಣ ಕಂಡಿತು. 2018ರಲ್ಲಿ ಐರೋಪ್ಯ ಒಕ್ಕೂಟವು ಅನುಮತಿಯನ್ನಿತ್ತಿತು. ಇನ್ನೂ ದೊಡ್ಡದಾದ ಎರಡನೆಯ ಪ್ರಯೋಗದಲ್ಲಿ ಆ ಅಂತರವು ನಿಲ್ಲಲಿಲ್ಲವೆಂದು 2023ರಲ್ಲಿ ತಿಳಿದುಬಂದಿತು; 2024ರ ಡಿಸೆಂಬರಿನಲ್ಲಿ ಔಷಧವನ್ನು ಅಲ್ಲಿನ ಮಾರುಕಟ್ಟೆಯಿಂದ ಹಿಂದೆಗೆದುಕೊಂಡರು. ಇದನ್ನು ನಾವು ವಿಜ್ಞಾನದ ಸೋಲೆಂದು ಬಗೆಯುವುದಿಲ್ಲ. ಮತ್ತೆ ಅಳೆದು ನೋಡಿ ತಪ್ಪನ್ನು ಒಪ್ಪಿಕೊಳ್ಳುವುದೇ ಅದರ ಮರ್ಯಾದೆ.

ತಮ್ಮದೇ ಕೊಬ್ಬಾದ್ದರಿಂದ ಅಪಾಯವಿಲ್ಲವೆಂಬ ಮಾತೂ ನಿಲ್ಲದು. ಅಮೆರಿಕದ ಫ್ಲಾರಿಡಾದಲ್ಲಿ 2015ರಲ್ಲಿ ಮೂವರು ವೃದ್ಧೆಯರ ಕಣ್ಣುಗಳಿಗೆ ಅವರವರ ಕೊಬ್ಬಿನಿಂದ ತೆಗೆದ ಕೋಶಗಳನ್ನು ಚುಚ್ಚಿದುದರಿಂದ ಅವರ ದೃಷ್ಟಿ ತೀವ್ರವಾಗಿ ಕೆಟ್ಟಿತು.

ನಮ್ಮ ರಾಜ್ಯದಲ್ಲಿಯೇ ಒಳ್ಳೆಯ ಉದಾಹರಣೆಯಿದೆ. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆಯ ಕೋಶೌಷಧಕ್ಕೆ 2016ರಲ್ಲಿ ಬರ್ಜರ್ ರೋಗದಿಂದ ಕಾಲಿನ ರಕ್ತನಾಳಗಳು ಮುಚ್ಚಿಹೋದವರ ಚಿಕಿತ್ಸೆಗೂ, 2022ರಲ್ಲಿ ಮಂಡಿಯ ಸಂಧಿವಾತಕ್ಕೂ ಅನುಮತಿ ದೊರೆಯಿತು. ಆದರೆ ಆ ಕೋಶಗಳು ದಾನಿಗಳ ಮೂಳೆಮಜ್ಜೆಯವು. ಅನುಮತಿ ದೊರೆತದ್ದು ಪರೀಕ್ಷೆಗೊಳಗಾದ ಆ ಒಂದು ಔಷಧಕ್ಕೆ. ಕಾಂಡಕೋಶವೆಂಬ ಹೆಸರಿನಿಂದ ಮಾರುವ ಎಲ್ಲಕ್ಕೂ ಅಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ 2017ರ ಮಾರ್ಗಸೂಚಿಯೂ ಅಂಗೀಕೃತ ಪ್ರಯೋಗದ ಹೊರಗೆ ಇಂಥ ಚಿಕಿತ್ಸೆಯನ್ನು ಮಾರುವುದು ಅನುಚಿತವೆಂದು ಸಾರಿದೆ.

ಆದ್ದರಿಂದ ಭೂಮಿಯನ್ನು ಮಾರಬೇಡಿರೆಂದು ಆ ರೈತರಿಗೆ ಹೇಳಿದೆವು. ಮೊದಲು ಮೂಳೆವೈದ್ಯರನ್ನು ಕಂಡು ನೋವಿನ ಕಾರಣವನ್ನು ತಿಳಿಯಿರಿ. ನಮ್ಮ ಜಿಲ್ಲೆಯ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಮಿತಿಮೀರಿರುವುದರಿಂದ ಅದರ ಬಗೆಗೂ ವಿಚಾರಿಸಿರಿ. ಯಾರಾದರೂ ಚುಚ್ಚುಮದ್ದಿನ ಮಾತೆತ್ತಿದರೆ, ಇದು ನನ್ನ ರೋಗಕ್ಕೆ ಅನುಮತಿ ಪಡೆದ ಔಷಧವೆ, ಅಥವಾ ಪ್ರಯೋಗವೆ ಎಂದು ಕೇಳಿರಿ. ಪ್ರಯೋಗವಾದರೆ ರೋಗಿಯಿಂದ ಹಣ ಪಡೆಯಕೂಡದು.

ಅವರು ಭೂಮಿಯನ್ನು ಉಳಿಸಿಕೊಂಡಿದ್ದಾರೆ. ನೋವು ಇನ್ನೂ ಇದೆ. ಅದಕ್ಕೆ ಉತ್ತರವನ್ನು ಕೊಬ್ಬಿನ ಕೋಶವೇ ಮುಂದೊಂದು ದಿನ ಕೊಟ್ಟರೂ ಕೊಟ್ಟೀತು. ಅಲ್ಲಿಯವರೆಗೆ, ಕನ್ನಡದಲ್ಲಿ ವಿಜ್ಞಾನವನ್ನು ಬರೆಯುವ ನಾವೆಲ್ಲರೂ ಈ ಕೋಶವನ್ನು ಅದು ಮಾಡುವ ಕೆಲಸದಿಂದ ಪರಿಚಯಿಸಬೇಕು. ಹಾಗೆ ಮಾಡಿದ್ದರೆ ಆ ಅರ್ಧ ಎಕರೆಯ ಪ್ರಶ್ನೆಯೇ ಏಳುತ್ತಿರಲಿಲ್ಲ.