ಹಳೆಯ ಗುಳಿಗೆಯಿಂದ ಹೊಸದಕ್ಕೆ

ಹತ್ತಾರು ವರ್ಷ ಒಂದೇ ಗುಳಿಗೆಯನ್ನು ನಂಬಿ ಬಾಳಿದ ಎಚ್.ಐ.ವಿ. ಸೋಂಕಿತರಿಗೆ ಎ.ಆರ್.ಟಿ. ಕೇಂದ್ರದಲ್ಲಿ ಬೇರೊಂದನ್ನು ಕೊಟ್ಟಾಗ, ರೋಗ ಬಲಿತಿತೇನೋ ಎಂಬ ಅಂಜಿಕೆ ಮೂಡುವುದು ಸಹಜ. ಬಹುಮಟ್ಟಿಗೆ ಹಾಗಲ್ಲ. ಕಾರಣವನ್ನು ಎರಡು ಮಾತಿನಲ್ಲಿ ತಿಳಿಹೇಳದೆ ಗುಳಿಗೆ ಬದಲಿಸುವುದು ಮಾತ್ರ ನಮಗೆ ಸರಿದೋರದು.

ನಮ್ಮ ದೇಶದಲ್ಲಿ ಸರಕಾರದ ಉಚಿತ ಚಿಕಿತ್ಸೆ 2004ರ ಏಪ್ರಿಲ್‌ನಲ್ಲಿ ಆರಂಭವಾಯಿತು. ಮುಂದೆ ಬಹಳ ಮಂದಿ ಸೇವಿಸಿದ್ದು ಎಫಾವಿರೆಂಜ್ ಕೂಡಿದ ಗುಳಿಗೆ. ತಲೆಸುತ್ತು, ವಿಚಿತ್ರ ಕನಸುಗಳ ಕಾಟದಿಂದಾಗಿ ಅದನ್ನು ಮಲಗುವ ಹೊತ್ತಿಗೆ ನುಂಗಬೇಕಿತ್ತು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಅದರ ಸ್ಥಾನದಲ್ಲಿ ಡೊಲುಟೆಗ್ರಾವಿರ್ ಅನ್ನು ಮೊದಲ ಆಯ್ಕೆಯೆಂದು ಸಾರಿತು. ಟೆನೊಫೊವಿರ್, ಲ್ಯಾಮಿವುಡಿನ್ ಹಿಂದಿನಂತೆಯೇ ಉಳಿದವು. ಹೊಸದು ವೈರಾಣುವನ್ನು ಬೇಗ ತಗ್ಗಿಸುತ್ತದೆ. ವೈರಾಣು ಇದನ್ನು ಎದುರಿಸಿ ನಿಲ್ಲುವುದೂ ವಿರಳ. ಕೆಲವರಿಗೆ ತೂಕ ಏರುವುದುಂಟು, ನಿದ್ರೆ ಕೆಡುವುದುಂಟು.

ಇನ್ನು ಮನೆಯವರು ಅರಿಯಬೇಕಾದ ಮಾತು. ಎದೆಯುರಿಗೆ ಕುಡಿಯುವ ಆಂಟಾಸಿಡ್ ಈ ಔಷಧಿಯನ್ನು ಮೈಗೆ ಹತ್ತಗೊಡದು. ಬರಿಹೊಟ್ಟೆಯಲ್ಲಿ ಜೊತೆಗೆ ನುಂಗಿದರೆ ಕ್ಯಾಲ್ಸಿಯಂ, ಕಬ್ಬಿಣದ ಗುಳಿಗೆಗಳೂ ಹಾಗೆಯೇ. ಅವಕ್ಕೆ ಎರಡು ಗಂಟೆ ಮೊದಲು ಅಥವಾ ಆರು ಗಂಟೆ ತರುವಾಯ ಇದನ್ನು ಸೇವಿಸಬೇಕು. ಮಧುಮೇಹದ ಮೆಟ್‌ಫಾರ್ಮಿನ್ ಅಂಶ ಇದರಿಂದ ರಕ್ತದಲ್ಲಿ ಏರುತ್ತದೆ. ಸೋಂಕನ್ನು ಬಂಧುಬಳಗಕ್ಕೆ ತಿಳಿಸುವುದೂ ಬಿಡುವುದೂ ಅವರವರ ಇಚ್ಛೆ. ಆದರೆ ಮಧುಮೇಹಕ್ಕೆ ಔಷಧಿ ಬರೆಯುವ ವೈದ್ಯರಿಂದ ಈ ಗುಳಿಗೆಯ ಹೆಸರನ್ನು ಮುಚ್ಚಿಡಲಾಗದು.